ಹಿನ್ನೆಲೆ ಅಧ್ಯಯನವನ್ನು ಹಿಂದುಮುಂದಾಗಿ ಬರೆದ ಅನುಭವ

ಮಕ್ಕಳ ವಿಜ್ಞಾನ ಸಮಾವೇಶಕ್ಕೆ ತಂಡ ಕಟ್ಟುವ ಮಾರ್ಗದರ್ಶಿ ಶಿಕ್ಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಪವಿಷಯ ಆರಿಸುವುದು, ಲಾಗ್ ಬುಕ್ ಇಡುವುದು ನಿಮಗೆ ಗೊತ್ತೇ ಇದೆ, ಅದಕ್ಕೆ ಕೈ ಹಾಕುವುದಿಲ್ಲ. ನನ್ನ ಮಾತೆಲ್ಲ ವರದಿಯಲ್ಲಿ ‘ಹಿನ್ನೆಲೆ ಅಧ್ಯಯನ’ ಎಂದು ಬರುವ ಆ ಎರಡು ಪುಟದ ಬಗ್ಗೆ. ನುಗ್ಗೆಬೀಜದ ಪುಡಿಯಿಂದ ಕಾಲುವೆಯ ರಾಡಿ ನೀರು ತಿಳಿಮಾಡುವ ಯೋಜನೆಯಲ್ಲಿ ನಾವು ಮಾಡಿದ್ದು ಇಷ್ಟು: ಪ್ರಯೋಗದ ವಿಧಾನದ ಕರಡು ಮೊದಲು, ಓದು ಆಮೇಲೆ, ಹಿನ್ನೆಲೆ ಬರೆಯುವುದು ಅದಕ್ಕೂ ಆಮೇಲೆ. ಈ ಕ್ರಮ ಹೇಳಿದಾಗ ತಾಲೂಕಿನ ಸ್ನೇಹಿತರು ಒಪ್ಪಲಿಲ್ಲ. ‘ಓದದೇ ವಿಧಾನ ಬರೆಯೋದು ಹೆಂಗ್ರೀ ಸರ’ ಅಂದವರಿದ್ದರು, ‘ನಾಲ್ಕು ಪುಟ ತುಂಬದಿದ್ರ ತೀರ್ಪುಗಾರರು ನೋಡೂದೇ ಇಲ್ಲ’ ಅಂದವರೂ ಇದ್ದರು. ನಮ್ಮದು ಒಂದೂಮುಕ್ಕಾಲು ಪುಟ. ಜಿಲ್ಲಾ ಮಟ್ಟದಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ಪುಟಗಳ ಮೇಲೆಯೇ ಬಂದವು, ಮಕ್ಕಳು ತಡವರಿಸಲಿಲ್ಲ, ಯೋಜನೆ ರಾಜ್ಯಮಟ್ಟಕ್ಕೆ ಹೋಯಿತು. ಅದಕ್ಕೇ ಈಗ ಸ್ವಲ್ಪ ಗಟ್ಟಿ ದನಿಯಲ್ಲಿ ಹೇಳುತ್ತಿದ್ದೇನೆ.

ಸಾಮಾನ್ಯವಾಗಿ ಬರುವ ಹಿನ್ನೆಲೆ ಹೇಗಿರುತ್ತದೆ ನೋಡಿ. ‘ನೀರು ಜೀವಜಲ. ಭೂಮಿಯ ಮೇಲ್ಮೈಯ ಶೇ. 71 ಭಾಗ ನೀರಿನಿಂದ ಆವೃತವಾಗಿದೆ. ಅದರಲ್ಲಿ ಕುಡಿಯಲು ಯೋಗ್ಯವಾದದ್ದು ಬಹಳ ಕಡಿಮೆ. ನುಗ್ಗೆಯು ಬಹುಪಯೋಗಿ ಸಸ್ಯ, ಅದರ ಎಲೆಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಹೇರಳ.’ ಒಂದೂ ಸುಳ್ಳಲ್ಲ. ಆದರೆ ಇದರಲ್ಲಿ ಯಾವ ವಾಕ್ಯ ತೆಗೆದುಹಾಕಿದರೂ ಪ್ರಯೋಗದಲ್ಲಿ ಒಂದು ಗ್ರಾಂ, ಒಂದು ನಿಮಿಷ ವ್ಯತ್ಯಾಸವಾಗುವುದಿಲ್ಲ. ತೀರ್ಪುಗಾರರು ಇಂಥ ಪುಟವನ್ನು ಹೆಬ್ಬೆರಳಲ್ಲಿ ಸರಿಸಿ ನೇರ ಕೋಷ್ಟಕಕ್ಕೆ ಹೋಗುತ್ತಾರೆ. ಅಲ್ಲಿ ‘ನೂರು ಮಿಲಿಗ್ರಾಂ ಯಾಕೆ ಹಾಕಿದಿರಿ?’ ಎಂದು ಕೇಳುತ್ತಾರೆ. ಮಗು ಮಾರ್ಗದರ್ಶಿಯ ಮುಖ ನೋಡುತ್ತದೆ. ಯೋಜನೆ ಬೀಳುವುದು ಅಲ್ಲಿ.

ನಮ್ಮ ಯೋಜನೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನದು. ರಾಯಚೂರು, ಕೊಪ್ಪಳದ ಕಡೆ ಇರುವವರಿಗೆ ಹೇಳಬೇಕಿಲ್ಲ: ಕಾಲುವೆ ನೀರನ್ನು ಊರ ಕೆರೆಗೆ ತುಂಬಿಸಿಕೊಂಡು ಬೇಸಿಗೆ ಕಳೆಯುವ ಊರುಗಳು ಎಷ್ಟೋ ಇವೆ. ಹೊಸ ನೀರು ಬಂದಾಗ ಅದು ಎರೆ ಮಣ್ಣಿನ ರಾಡಿ, ಸಣ್ಣಗೆ ತೇಲುವ ಮಣ್ಣು ಬೇಗ ಕೂರುವುದಿಲ್ಲ. ಈ ನೀರನ್ನು ನುಗ್ಗೆಬೀಜದ ಪುಡಿಯಿಂದ ಎಷ್ಟರ ಮಟ್ಟಿಗೆ ತಿಳಿಮಾಡಬಹುದು, ಪಟಕದ ಎದುರು ಅದು ನಿಲ್ಲುತ್ತದೆಯೇ ಎಂಬುದು ಪ್ರಶ್ನೆ. ಹಳೆಯ ವಿಷಯವೇ, ರಾಜ್ಯದಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಮಾಡುತ್ತಾರೆ. ಹಳೆಯ ವಿಷಯ ಬೇಕೆಂದೇ ಹಿಡಿದೆವು, ಯಾಕೆಂದರೆ ಓದಲು ಸಾಮಗ್ರಿ ಸಿಗುತ್ತದೆ. ಯಾರೂ ಮುಟ್ಟದ ವಿಷಯಕ್ಕೆ ಹೋದರೆ ಎಂಟನೇ, ಒಂಬತ್ತನೇ ತರಗತಿಯ ಮಕ್ಕಳಿಗೆ ಹಿನ್ನೆಲೆ ಬರೆಯಲು ಏನೂ ಸಿಗುವುದಿಲ್ಲ, ಆಗ ಮತ್ತೆ ಜೀವಜಲಕ್ಕೇ ಬರುತ್ತಾರೆ.

ಈಗ ವಿಧಾನ. ಇನ್ನೂರು ಪುಟದ ಒಂದು ನೋಟ್ ಪುಸ್ತಕ. ಬಲಪುಟದಲ್ಲಿ ಪ್ರಯೋಗದ ಹೆಜ್ಜೆಗಳನ್ನು ಮಕ್ಕಳೇ ಊಹಿಸಿ ಬರೆಯಬೇಕು, ಏನೂ ಓದದೆ. ‘ನುಗ್ಗೆಬೀಜ ತರುವುದು. ಪುಡಿ ಮಾಡುವುದು. ನೀರಿಗೆ ಹಾಕಿ ಕಲಕುವುದು. ಬಿಡುವುದು. ನೋಡುವುದು.’ ಇಷ್ಟೇ ಬರುತ್ತದೆ, ಬರಲಿ. ಪ್ರತಿ ಹೆಜ್ಜೆಯ ಎದುರು ಎಡಪುಟದಲ್ಲಿ ಕೆಂಪು ಪೆನ್ನಿನಲ್ಲಿ ಪ್ರಶ್ನೆ: ಎಂಥ ಬೀಜ, ಹಸಿಯೋ ಒಣಗಿದ್ದೋ? ಸಿಪ್ಪೆ ಸಮೇತವೋ? ಎಷ್ಟು ಪುಡಿ? ಎಷ್ಟು ಜೋರಾಗಿ ಕಲಕಬೇಕು, ಎಷ್ಟು ಹೊತ್ತು? ಎಷ್ಟು ಹೊತ್ತು ಬಿಡಬೇಕು? ತಿಳಿಯಾಯಿತು ಅಂತ ಹೇಳುವುದು ಯಾವ ಅಳತೆಯಿಂದ? ಯಾಕೆ ತಿಳಿಯಾಗುತ್ತದೆ? ಕುಡಿಯಬಹುದೇ? ನಮಗೆ ಹದಿನೈದರ ಆಸುಪಾಸು ಪ್ರಶ್ನೆ ಬಂದವು. ಓದುವುದು ಈ ಪ್ರಶ್ನೆಗಳಿಗಾಗಿ ಮಾತ್ರ. ಎಷ್ಟೇ ಚೆನ್ನಾಗಿರುವ ಮಾಹಿತಿ ಸಿಕ್ಕರೂ ಕೆಂಪು ಪ್ರಶ್ನೆಯೊಂದಕ್ಕೂ ಉತ್ತರವಾಗದಿದ್ದರೆ ಬಿಟ್ಟುಬಿಡಬೇಕು. ನುಗ್ಗೆಸೊಪ್ಪಿನ ಪೌಷ್ಟಿಕತೆ ಹಾಗೆ ಹೋಯಿತು. ಹೋಗುವಾಗ ಮಕ್ಕಳಿಗೆ ಸಂಕಟ, ಎರಡು ಪುಟ ಬರೆದಿಟ್ಟಿದ್ದರು ಪಾಪ.

ಉತ್ತರ ಸಿಕ್ಕಿದ ಕೂಡಲೇ ಬಲಪುಟದ ಹೆಜ್ಜೆ ತಿದ್ದಬೇಕು, ಹಳೆಯದನ್ನು ಅಳಿಸದೆ ಗೆರೆ ಎಳೆದು ದಿನಾಂಕ ಹಾಕಿ. ಉದಾಹರಣೆಗೆ ‘ನುಗ್ಗೆಬೀಜ ತರುವುದು’ ಎಂಬುದು ಕೊನೆಗೆ ‘ಗಿಡದಲ್ಲೇ ಬಲಿತು ಒಣಗಿದ ಕಾಯಿಯ ಬೀಜ, ರೆಕ್ಕೆ ಮತ್ತು ಕಂದು ಸಿಪ್ಪೆ ತೆಗೆದು ಒಳಗಿನ ಬಿಳಿ ತಿರುಳು ಮಾತ್ರ’ ಎಂದಾಯಿತು. ಹಸಿಕಾಯಿಯ ಬೀಜದಲ್ಲಿ ಆ ಗುಣ ಇನ್ನೂ ಬಂದಿರುವುದಿಲ್ಲ ಎಂದು ಓದಿದ್ದರಿಂದ ಈ ತಿದ್ದುಪಡಿ. ಹೀಗೆ ತಿದ್ದಿದ ಬಲಪುಟವೇ ವರದಿಯ ‘ವಿಧಾನ’, ಎಡಪುಟದ ಉತ್ತರಗಳನ್ನು ಜೋಡಿಸಿದರೆ ಅದೇ ‘ಹಿನ್ನೆಲೆ’. ಅಚ್ಚಿನಲ್ಲಿ ಹಿನ್ನೆಲೆ ಮುಂದೆ ಬರುತ್ತದೆ, ಯಾವ ನಮೂನೆಯೂ ಕೆಡುವುದಿಲ್ಲ.

ಒಂದು ಕಟ್ಟುನಿಟ್ಟು: ಕೊನೆಯ ಸುತ್ತಿನ ಪ್ರಯೋಗ ಶುರುವಾಗುವ ಮುಂಚೆ ಎಡಪುಟ ಮುಚ್ಚಿಬಿಡಬೇಕು. ಫಲಿತಾಂಶ ಬಂದ ಮೇಲೆ ಅದಕ್ಕೆ ಹೊಂದುವ ಲೇಖನ ಹುಡುಕಿ ಹಿನ್ನೆಲೆಗೆ ತುರುಕುವ ಚಟ ನಮ್ಮಲ್ಲಿ ಬಹಳ. ಹಾಗೆ ಸಿಕ್ಕಿದ್ದನ್ನು ಚರ್ಚೆಯ ಭಾಗಕ್ಕೆ ಹಾಕಿ. ಲಾಗ್ ಬುಕ್ಕಿನ ದಿನಾಂಕ ನೋಡುವ ತೀರ್ಪುಗಾರರು ಇದ್ದೇ ಇರುತ್ತಾರೆ.

ಹುಡುಕಾಟದ ವಿಷಯಕ್ಕೆ ಬರೋಣ. ಮಕ್ಕಳು ಮೊದಲು ಗೂಗಲಿಗೆ ಹೋಗಿ ‘ನುಗ್ಗೆಬೀಜ ನೀರು ಶುದ್ಧೀಕರಣ’ ಎಂದು ಹಾಕುತ್ತಾರೆ. ಯೂಟ್ಯೂಬ್ ಬರುತ್ತದೆ, ಒಬ್ಬರನ್ನು ನೋಡಿ ಒಬ್ಬರು ಬರೆದ ಆರೋಗ್ಯ ಅಂಕಣಗಳು ಬರುತ್ತವೆ, ಒಂದರಲ್ಲೂ ಪ್ರಮಾಣ ಇರುವುದಿಲ್ಲ. ಗೂಗಲ್ ಸ್ಕಾಲರಿನಲ್ಲಿ ಗಿಡದ ವೈಜ್ಞಾನಿಕ ಹೆಸರು, ಅಂದರೆ ಮೊರಿಂಗಾ ಒಲಿಫೆರಾ, ಅದರ ಜೊತೆ ಟರ್ಬಿಡಿಟಿ (ನೀರಿನ ರಾಡಿ), ಕೊಯಾಗ್ಯುಲೆಂಟ್ (ತೇಲುವ ಕಣಗಳನ್ನು ಗುಂಪುಗೂಡಿಸುವ ವಸ್ತು) ಎಂಬ ಎರಡು ಪದ ಇಂಗ್ಲಿಷಿನಲ್ಲಿ ಹಾಕಿದರೆ ಚಿತ್ರವೇ ಬದಲಾಗುತ್ತದೆ. ಪೂರ್ತಿ ಲೇಖನಕ್ಕೆ ದುಡ್ಡು ಕೇಳಿದರೆ ಹೆದರಬೇಡಿ, ಸಾರಾಂಶ ಪುಕ್ಕಟೆ ಸಿಗುತ್ತದೆ, ನಮ್ಮ ಮಟ್ಟಕ್ಕೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಪೂರ್ತಿ ಬೇಕೆಂದರೆ ‘ಇಂಡಿಯನ್ ಜರ್ನಲ್ ಆಫ್ ಟ್ರೆಡಿಷನಲ್ ನಾಲೆಡ್ಜ್’, ಬೆಂಗಳೂರಿನಿಂದ ಬರುವ ‘ಕರೆಂಟ್ ಸೈನ್ಸ್’ ಎರಡರ ಹಳೆಯ ಸಂಚಿಕೆಗಳೂ ಪುಕ್ಕಟೆ. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಎಂಬ ಜಾಲತಾಣ. ಪ್ರಬಂಧದ ಎರಡನೇ ಅಧ್ಯಾಯ ಸಾಮಾನ್ಯವಾಗಿ ಬೇರೆಯವರ ಕೆಲಸದ ಸಮೀಕ್ಷೆ, ಅಲ್ಲಿಂದ ಮೂಲ ಲೇಖನಗಳ ಜಾಡು ಹಿಡಿಯಬಹುದು. ಕುಡಿಯುವ ನೀರಿನ ಮಾನದಂಡ ಐಎಸ್ 10500:2012 ಕೂಡ ಈಗ ಪುಕ್ಕಟೆ ಇಳಿಸಿಕೊಳ್ಳಬಹುದು. ಕನ್ನಡದಲ್ಲಿ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದ ಹಳೆ ಸಂಚಿಕೆಗಳು ಶಾಲೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿರುತ್ತವೆ. ಅಂಕಿಗೆ ಅಲ್ಲ, ಮಕ್ಕಳಿಗೆ ವಿಷಯ ಬಾಯಿಗೆ ಬರಲು ಅದು ಬೇಕು.

ನಮಗೆ ನಿಜವಾಗಿ ಕೆಲಸಕ್ಕೆ ಬಂದ ಮೂಲ ನಾಲ್ಕೋ ಐದೋ. ಸುಡಾನಿನಲ್ಲಿ ಹೆಂಗಸರು ನೈಲ್ ನದಿಯ ರಾಡಿ ನೀರಿಗೆ ನುಗ್ಗೆಬೀಜ ಬಳಸುತ್ತಿದ್ದುದನ್ನು ದಶಕಗಳ ಹಿಂದೆ ದಾಖಲಿಸಿದ ಸಾಮಿಯಾ ಅಲ್ ಅಝಾರಿಯಾ ಜಾನ್ ಅವರ ಕೆಲಸ, ‘ಇದು ಎಲ್ಲಿಂದ ಬಂತು’ ಎಂಬ ಪ್ರಶ್ನೆಗೆ. ‘ಯಾಕೆ ತಿಳಿಯಾಗುತ್ತದೆ’ ಎಂಬುದಕ್ಕೆ 1995ರ ಎಂಡಬಿಗೆಂಗೆಸೆರೆ ಮತ್ತು ಸಂಗಡಿಗರ ಲೇಖನ: ಬೀಜದಲ್ಲಿ ನೀರಿನಲ್ಲಿ ಕರಗುವ, ಧನ ಆವೇಶದ ಪ್ರೋಟೀನ್ ಇದೆ, ಅಣುತೂಕ ಸುಮಾರು 13 ಸಾವಿರ ಡಾಲ್ಟನ್. ಜೇಡಿಯ ಕಣಗಳಿಗೆ ಋಣ ಆವೇಶ ಇರುವುದರಿಂದ ಅವು ಒಂದನ್ನೊಂದು ದೂಡುತ್ತ ತೇಲುತ್ತಿರುತ್ತವೆ, ಪ್ರೋಟೀನ್ ಬಂದು ಆವೇಶ ಇಳಿಸಿದಾಗ ಗುಂಪುಗೂಡಿ ಕೂರುತ್ತವೆ. ‘ಕುಡಿಯಬಹುದೇ’ ಎಂಬುದಕ್ಕೆ 1987ರಲ್ಲಿ ಬಂದ ಮ್ಯಾಡ್ಸೆನ್ ಮತ್ತು ಸಂಗಡಿಗರ ಅಧ್ಯಯನ. ಒಂದೆರಡು ಗಂಟೆಯಲ್ಲಿ ಬ್ಯಾಕ್ಟೀರಿಯಾ ಶೇ. 90ರಿಂದ 99.99ರವರೆಗೆ ಇಳಿದರೂ, ಇಪ್ಪತ್ತನಾಲ್ಕು ಗಂಟೆಯೊಳಗೆ ಮತ್ತೆ ಏರುತ್ತವೆ ಎನ್ನುತ್ತದೆ ಅದು. ಈ ಒಂದು ವಾಕ್ಯ ನಮ್ಮ ಶೀರ್ಷಿಕೆಯನ್ನೇ ಬದಲಿಸಿತು. ‘ನುಗ್ಗೆಬೀಜದಿಂದ ಶುದ್ಧ ಕುಡಿಯುವ ನೀರು’ ಎಂದಿದ್ದದ್ದು ‘ನುಗ್ಗೆಬೀಜದಿಂದ ಕಾಲುವೆ ನೀರಿನ ರಾಡಿ ಇಳಿಸುವುದು’ ಆಯಿತು. ಶುದ್ಧ ಎಂಬ ಪದ ಇಟ್ಟುಕೊಂಡಿದ್ದರೆ ಬ್ಯಾಕ್ಟೀರಿಯಾ ಪರೀಕ್ಷೆ ಎಲ್ಲಿ ಎಂದು ಕೇಳುತ್ತಿದ್ದರು. ಅದಕ್ಕೆ ನಮ್ಮಲ್ಲಿ ದುಡ್ಡೂ ಇರಲಿಲ್ಲ, ಸಾಮಾನೂ ಇರಲಿಲ್ಲ.

ಪ್ರಮಾಣದ ಪ್ರಶ್ನೆಯೇ ಎಲ್ಲಕ್ಕಿಂತ ಕಾಡಿದ್ದು. ಒಂದು ಕಡೆ ಲೀಟರಿಗೆ 50 ಮಿಲಿಗ್ರಾಂ, ಇನ್ನೊಂದು ಕಡೆ 200, ಮತ್ತೊಂದು ಕಡೆ ‘ಎರಡು ಲೀಟರಿಗೆ ಒಂದು ಬೀಜ’. ಮಕ್ಕಳು ಸರಾಸರಿ ತೆಗೆಯಲು ಹೊರಟಿದ್ದರು! ಅಂಕಿಗಳು ಹೊಂದದಿರುವುದಕ್ಕೆ ಕಾರಣ ಹುಡುಕುವುದೇ ಹಿನ್ನೆಲೆಯ ಅಸಲು ಕೆಲಸ. ಲೇಖನದಲ್ಲಿ ಮೂರು ವಿಷಯ ನೋಡಿ: ನೀರು ನಿಜವಾದ ನದಿಯದೋ ಅಥವಾ ಕೇವೋಲಿನ್ ಜೇಡಿ ಕಲಸಿ ಮಾಡಿದ್ದೋ, ಶುರುವಿನಲ್ಲಿ ರಾಡಿ ಎಷ್ಟು ಎನ್‌ಟಿಯು (ರಾಡಿ ಅಳೆಯುವ ಏಕಮಾನ) ಇತ್ತು, ಬೀಜದ ತೂಕ ಸಿಪ್ಪೆ ಸಮೇತವೋ ತಿರುಳಿನದೋ. ಇದನ್ನು ಮೂರು ಕಾಲಂ ಮಾಡಿ ಬರೆದಾಗ ಗೊಂದಲ ಹೆಚ್ಚುಕಡಿಮೆ ಕರಗಿತು. ರಾಡಿ ಹೆಚ್ಚಾದಷ್ಟೂ ಪುಡಿ ಹೆಚ್ಚು ಬೇಕು: 50 ಎನ್‌ಟಿಯುಗಿಂತ ಕಡಿಮೆ ಇದ್ದರೆ ನಾಲ್ಕು ಲೀಟರಿಗೆ ಒಂದು ಬೀಜ, 250 ದಾಟಿದರೆ ಲೀಟರಿಗೆ ಎರಡು ಎನ್ನುವ ಲೆಕ್ಕದ ಒಂದು ಪಟ್ಟಿ 2010ರ ಸುಮಾರಿನ ಲೇಖನದಲ್ಲಿ ಸಿಕ್ಕಿತು. ನಮ್ಮ ನೀರು ಕೊಳವೆಯ ಅಳತೆಯಲ್ಲಿ (ಆ ಕೊಳವೆಯ ವಿವರ ಮುಂದಿದೆ) 200ರ ಸುತ್ತಮುತ್ತ. ಹಾಗಾಗಿ 50, 100, 150, 200 ಮಿಲಿಗ್ರಾಂ ಎಂದು ನಾಲ್ಕು ಜಾಡಿ, ಏನೂ ಹಾಕದ ಒಂದು, ಪಟಕದ ಒಂದು. ಒಟ್ಟು ಆರು. ಆರೇ ಯಾಕೆ ಎಂದು ಯಾರಾದರೂ ಕೇಳಿದರೆ ಮಗುವಿನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು.

ಟಿಪ್ಪಣಿ ಮಾಡುವಾಗ ಏನು ಕೆಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಲೇಖನವನ್ನು ಮೊಬೈಲಿನಲ್ಲಿ ಕನ್ನಡಕ್ಕೆ ತಿರುಗಿಸಿ ಹಾಗೇ ಬರೆದುಕೊಂಡರೆ ‘ನೀರಿನ ಪ್ರಕ್ಷುಬ್ಧತೆಯ ಹೆಪ್ಪುಗಟ್ಟುವಿಕೆ’ ಅನ್ನುವಂಥದ್ದು ಬರುತ್ತದೆ, ಮಗುವಿಗೂ ಗೊತ್ತಿಲ್ಲ, ಓದುವವರಿಗೂ ಇಲ್ಲ. ನಾವು ಮಾಡಿದ್ದು: ಇಬ್ಬರು ಮಕ್ಕಳಿಗೂ ಒಂದೇ ಸಾರಾಂಶ ಕೊಟ್ಟು, ನಿಘಂಟು ಹಿಡಿದು ಬೇರೆ ಬೇರೆ ಕೂರಿಸಿ ಓದಿಸಿ, ಹಾಳೆ ಕಸಿದುಕೊಂಡು ‘ಈಗ ಹೇಳ್ರಿ’ ಅನ್ನುವುದು. ಇಬ್ಬರೂ ಹೇಳಿದ್ದು ಒಂದೇ ಆದರೆ ಚೀಟಿಯಲ್ಲಿ ಬರೆಯುವುದು, ಬೇರೆಯಾದರೆ ಮತ್ತೆ ಹಾಳೆ ನೋಡುವುದು. ಚೀಟಿ ಅಂದರೆ ಕಚೇರಿಯ ಒಂದು ಬದಿ ಖಾಲಿ ಇರುವ ಹಾಳೆಯನ್ನು ನಾಲ್ಕು ತುಂಡು ಮಾಡಿದ್ದು. ಮೇಲೆ ಕೆಂಪು ಪ್ರಶ್ನೆಯ ಸಂಖ್ಯೆ, ನಡುವೆ ಎರಡು ವಾಕ್ಯದ ಉತ್ತರ, ಕೆಳಗೆ ಯಾರು, ಯಾವ ವರ್ಷ, ಎಲ್ಲಿ ಸಿಕ್ಕಿತು. ಕೆಳಗಿನ ಸಾಲು ಇಲ್ಲದ ಚೀಟಿ ಕಸದ ಬುಟ್ಟಿಗೆ, ಎಷ್ಟೇ ಒಳ್ಳೆಯ ವಿಷಯ ಇರಲಿ. ಇದರಲ್ಲಿ ದಾಕ್ಷಿಣ್ಯ ತೋರಿದರೆ ಕೊನೆಯ ವಾರ ಮೂಲ ಹುಡುಕುತ್ತ ಕೂರಬೇಕಾಗುತ್ತದೆ.

ಚೀಟಿಗೆ ಅಂಕಿ ಇಳಿಸುವಾಗ ಇನ್ನೊಂದು ಅಪಾಯ ಏಕಮಾನದ್ದು. ಲೀಟರಿಗೆ ಮಿಲಿಗ್ರಾಂ ಎಂದಿದ್ದದ್ದು ಗ್ರಾಂ ಆಗುತ್ತದೆ, ದ್ರಾವಣದ ಮಿಲಿಲೀಟರ್ ಪುಡಿಯ ಮಿಲಿಗ್ರಾಂ ಆಗುತ್ತದೆ. ನಾವು ಒಂದು ಗ್ರಾಂ ಪುಡಿಯನ್ನು ನೂರು ಮಿಲಿ ನೀರಿನಲ್ಲಿ ಚೆನ್ನಾಗಿ ಕದಡಿ ಬಟ್ಟೆಯಲ್ಲಿ ಸೋಸುವುದು ಎಂದು ನಿಗದಿ ಮಾಡಿಕೊಂಡೆವು. ಆಗ ಒಂದು ಮಿಲಿ ಎಂದರೆ ಹತ್ತು ಮಿಲಿಗ್ರಾಂ ಪುಡಿಯ ಲೆಕ್ಕ, ಲೀಟರ್ ರಾಡಿ ನೀರಿಗೆ ಹತ್ತು ಮಿಲಿ ಹಾಕಿದರೆ ನೂರು ಮಿಲಿಗ್ರಾಂ. ಪ್ರತಿ ಲೇಖನದ ಅಂಕಿಯನ್ನೂ ಈ ಅಳತೆಗೆ ತಿರುಗಿಸಿಯೇ ಚೀಟಿಗೆ ಬರೆಯುವುದು. ದ್ರಾವಣ ಅವತ್ತೇ ಮಾಡಿ ಅವತ್ತೇ ಬಳಸಬೇಕು, ಪ್ರೋಟೀನ್ ಕೆಡುತ್ತದೆ. ಇದೂ ಹಿನ್ನೆಲೆಯಲ್ಲಿ ಒಂದು ಸಾಲು.

ಎಐ ಬಳಸುವ ಮಕ್ಕಳನ್ನು ತಡೆಯಲು ಹೋಗಬೇಡಿ, ಆಗುವುದಿಲ್ಲ. ಆದರೆ ಅದು ಕೊಡುವ ಲೇಖನದ ಹೆಸರು, ವರ್ಷಗಳಲ್ಲಿ ಎಷ್ಟೋ ಇಲ್ಲದ್ದು. ನಿಯಮ ಸರಳ: ಆ ಹೆಸರನ್ನು ಸ್ಕಾಲರಿನಲ್ಲಿ ಹಾಕಿ, ಸಾರಾಂಶ ತೆರೆದರೆ ಚೀಟಿ, ತೆರೆಯದಿದ್ದರೆ ಇಲ್ಲ. ಎಐ ಹೇಳಿದ ವಿವರಣೆಯನ್ನು ಮೂಲ ಎಂದು ಬರೆಯುವಂತಿಲ್ಲ.

ಊರಿನ ಜನರನ್ನು ಕೇಳುವುದನ್ನು ನಾವು ಹಿನ್ನೆಲೆಯ ಭಾಗವಾಗಿಯೇ ಇಟ್ಟೆವು, ಸಮೀಕ್ಷೆ ಅಂತ ಬೇರೆ ಮಾಡಲಿಲ್ಲ. ಪ್ರಶ್ನೆ ಹಾಕುವ ರೀತಿಯಲ್ಲೇ ಅರ್ಧ ಉತ್ತರ ಕೆಡುತ್ತದೆ. ‘ಮೊದಲು ನುಗ್ಗೆಬೀಜ ಹಾಕ್ತಿದ್ರಾ?’ ಎಂದರೆ ಮಕ್ಕಳ ಮೇಲಿನ ಪ್ರೀತಿಗೆ ಎಲ್ಲರೂ ಹೌದೆನ್ನುತ್ತಾರೆ. ‘ಅಜ್ಜಿ, ರಾಡಿ ನೀರು ಬಂದಾಗ ಏನು ಮಾಡ್ತಿದ್ರಿ?’ ಎಂದಷ್ಟೇ ಕೇಳಿ ಸುಮ್ಮನಿರಬೇಕು. ‘ಪಟಕ ತಿರುವಿ ಇಡ್ತಿದ್ವಿ ತಮ್ಮಾ, ಮುಂಜಾನಿ ತನಕ ಕುಂದರತಿತ್ತು’ ಎಂದು ಬಂದ ಉತ್ತರದಲ್ಲಿ ನಮಗೆ ಬೇಕಾದದ್ದು ‘ಮುಂಜಾನಿ ತನಕ’ ಎಂಬುದು. ಅಂದರೆ ರಾತ್ರಿಯಿಡೀ. ರಾತ್ರಿಯಿಡೀ ಬಿಟ್ಟರೆ ಪಟಕ ಇಲ್ಲದೆಯೂ ಒಂದಿಷ್ಟು ಮಣ್ಣು ಕೂರುತ್ತದೆ, ಹಾಗಾದರೆ ಪಟಕದ ಪಾಲು ಎಷ್ಟು? ಈ ಒಂದು ಮಾತಿನಿಂದಲೇ ಏನೂ ಹಾಕದ ಜಾಡಿಯನ್ನು ಒಂದು ಗಂಟೆಗೂ ನೋಡಬೇಕು, ಮರುದಿನ ಬೆಳಗ್ಗೆಯೂ ನೋಡಬೇಕು ಎಂದು ವಿಧಾನ ತಿದ್ದಿದ್ದು. ವರದಿಯಲ್ಲಿ ಹೆಸರು ಹಾಕುವುದು ಬೇಡ, ‘ಎಪ್ಪತ್ತರ ಆಸುಪಾಸಿನ ಮಹಿಳೆ, ಮೌಖಿಕ ಮಾಹಿತಿ’, ಊರು, ತಿಂಗಳು ಸಾಕು. ನುಗ್ಗೆಬೀಜ ಬಳಸುತ್ತಿದ್ದೆವು ಎಂದು ನಮ್ಮ ಊರಲ್ಲಿ ಯಾರೂ ಹೇಳಲಿಲ್ಲ. ಅದನ್ನೂ ಹಾಗೇ ಬರೆದೆವು: ‘ಈ ಭಾಗದಲ್ಲಿ ಈ ಬಳಕೆ ನಮಗೆ ಕಂಡುಬರಲಿಲ್ಲ.’ ತೀರ್ಪುಗಾರರೊಬ್ಬರು ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದರು.

ಈಗ ಬರೆಯುವುದು. ಚೀಟಿಗಳನ್ನು ಬೆಂಚಿನ ಮೇಲೆ ಪ್ರಶ್ನೆ ಸಂಖ್ಯೆಯ ಪ್ರಕಾರ ಹರಡಿ, ಒಂದು ಪ್ರಶ್ನೆಗೆ ಒಂದು ಪ್ಯಾರಾ. ಪ್ಯಾರಾದ ಮೊದಲ ವಾಕ್ಯ ನಮ್ಮ ನೀರು ಅಥವಾ ನಮ್ಮ ಕೆಲಸದ ಬಗ್ಗೆ, ನಡುವೆ ಬೇರೆಯವರು ಕಂಡದ್ದು, ಕೊನೆಗೆ ‘ಆದ್ದರಿಂದ ನಾವು’ ಎಂದು ಶುರುವಾಗುವ ವಾಕ್ಯ. ಆ ಕೊನೆಯ ವಾಕ್ಯ ಬರೆಯಲು ಬಾರದಿದ್ದರೆ ಪ್ಯಾರಾ ಬೇಡ. ಮಕ್ಕಳು ಬರೆದ ಒಂದು ಪ್ಯಾರಾ, ಕಾಗುಣಿತ ಬಿಟ್ಟರೆ ನಾನು ಏನೂ ಮುಟ್ಟದ್ದು:

‘ಕಾಲುವೆಯ ನೀರಿನ ರಾಡಿ ಒಂದೇ ತರ ಇರುವುದಿಲ್ಲ, ಮಳೆ ಬಂದಾಗ ಹೆಚ್ಚು. ನುಗ್ಗೆಬೀಜದ ಪುಡಿ ರಾಡಿ ಹೆಚ್ಚಿರುವ ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕಡಿಮೆ ಇರುವ ನೀರಿನಲ್ಲಿ ಅಷ್ಟಾಗಿ ಮಾಡುವುದಿಲ್ಲ ಎಂದು ಓದಿದೆವು. ಕಣಗಳು ದೂರ ದೂರ ಇದ್ದರೆ ಒಂದಕ್ಕೊಂದು ತಾಗುವುದು ಕಡಿಮೆ ಎಂಬುದು ಇದಕ್ಕೆ ಕಾರಣ. ಆದ್ದರಿಂದ ನಾವು ಕಾಲುವೆ ನೀರು ಮತ್ತು ಬಾವಿ ನೀರು ಎರಡನ್ನೂ ಪರೀಕ್ಷಿಸಿದೆವು.’

ಹೆಚ್ಚಿನ ಪುಡಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೂ ಹೀಗೇ ಒಂದು ಪ್ಯಾರಾ ಇತ್ತು: ಧನ ಆವೇಶ ಮಿತಿಮೀರಿದರೆ ಕಣಗಳು ಮತ್ತೆ ಒಂದನ್ನೊಂದು ದೂಡಿ ತೇಲುತ್ತವೆ, ಆದ್ದರಿಂದ ನಾವು ಸಾಕೆನಿಸಿದ ಮೇಲೂ ಒಂದು ಪ್ರಮಾಣ ಮುಂದೆ ಹೋದೆವು. ಪ್ರಯೋಗದಲ್ಲಿ ನೂರರ ಜಾಡಿ ಎಲ್ಲಕ್ಕಿಂತ ತಿಳಿ, ಇನ್ನೂರರದ್ದು ಮತ್ತೆ ಮಬ್ಬು. ಹಿನ್ನೆಲೆಯಲ್ಲಿ ಆ ಪ್ಯಾರಾ ಇಲ್ಲದಿದ್ದರೆ ಇನ್ನೂರರ ಜಾಡಿಯನ್ನು ಮಕ್ಕಳು ‘ಕೆಟ್ಟುಹೋಯಿತು’ ಎಂದು ಚೆಲ್ಲಿಬಿಡುತ್ತಿದ್ದರು.

ಕಲಕುವುದರ ಬಗ್ಗೆ ಲೇಖನಗಳೆಲ್ಲ ಯಂತ್ರದ ವೇಗ ಹೇಳುತ್ತವೆ. ನಮ್ಮಲ್ಲಿ ಇದ್ದದ್ದು ಮರದ ಕಡ್ಡಿ ಮತ್ತು ಮೊಬೈಲಿನ ಮೆಟ್ರೊನೋಮ್, ಅಂದರೆ ತಾಳದ ಬಡಿತ ಕೊಡುವ ಆ್ಯಪ್. ನಿಮಿಷಕ್ಕೆ ನೂರರ ಬಡಿತಕ್ಕೆ ಎರಡು ನಿಮಿಷ, ಆಮೇಲೆ ಇಪ್ಪತ್ತೈದರ ಬಡಿತಕ್ಕೆ ಹದಿನೈದು ನಿಮಿಷ, ಒಂದು ಗಂಟೆ ಬಿಡುವುದು. ಮೊದಲಿನ ಜೋರು ಪುಡಿ ಎಲ್ಲೆಡೆ ಹರಡಲು, ಆಮೇಲಿನ ನಿಧಾನ ಗುಂಪು ಕಟ್ಟಲು. ನಿಧಾನದ ಹಂತದಲ್ಲಿ ಜೋರು ಮಾಡಿದರೆ ಕಟ್ಟಿದ ಗುಂಪು ಒಡೆಯುತ್ತದೆ.

ಅಳತೆಯ ಪ್ಯಾರಾಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮಾನದಂಡದಲ್ಲಿ ಟರ್ಬಿಡಿಟಿ 1 ಎನ್‌ಟಿಯು ಒಪ್ಪಬಹುದಾದ ಮಿತಿ, ಬೇರೆ ನೀರಿನ ಮೂಲ ಇಲ್ಲದಾಗ 5ರವರೆಗೆ. ನಮ್ಮ ಅಳತೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ತಳದಲ್ಲಿ ಕಪ್ಪುಬಿಳುಪು ಬಿಲ್ಲೆ, ಬಿಲ್ಲೆ ಕಾಣದಾಗುವವರೆಗೆ ನೀರು ಹಾಕಿ ಎತ್ತರ ಓದುವುದು. ಇಂಥ ಕೊಳವೆ ಸುಮಾರು 5ರ ಕೆಳಗೆ ಏನೂ ಹೇಳಲಾರದು. ಹಾಗಾದರೆ ‘ನಮ್ಮ ನೀರು ಮಾನದಂಡ ಮುಟ್ಟಿತು’ ಎಂದು ಬರೆಯುವಂತೆಯೇ ಇಲ್ಲ. ಈ ಮಿತಿಯನ್ನು ಹಿನ್ನೆಲೆಯಲ್ಲೇ ಹೇಳಿಬಿಟ್ಟದ್ದರಿಂದ ಯಾರೂ ಅದರ ಮೇಲೆ ಚುಚ್ಚಲಿಲ್ಲ. ಕೊಳವೆಯ ಎತ್ತರ ಅರ್ಧವಾದರೆ ರಾಡಿ ಸರಿಯಾಗಿ ಎರಡು ಪಟ್ಟು ಅಂತಲೂ ಅಲ್ಲ, ಪಟ್ಟಿ ಬೇಕು. ನಾವು ಪಟ್ಟಣದ ಪ್ರಯೋಗಾಲಯವೊಂದರಲ್ಲಿ ಕೆಲವು ಮಾದರಿ ಮೀಟರಿನಲ್ಲಿ ನೋಡಿಸಿ ನಮ್ಮ ಪಟ್ಟಿ ಮಾಡಿಕೊಂಡೆವು.

ನಡುವೆ ದಾರಿ ತಪ್ಪಿದ್ದೂ ಉಂಟು, ಖುಷಿಯಿಂದಲೇ. ನುಗ್ಗೆಯ ಬಗ್ಗೆ ಓದುತ್ತಿದ್ದಾಗ ಚಿಲ್ಲದ ಬೀಜ ಎದುರಾಯಿತು, ಸಂಸ್ಕೃತದ ಕತಕ. ಅದರ ಬಗ್ಗೆ ಮನುಸ್ಮೃತಿಯ ಆರನೇ ಅಧ್ಯಾಯದಲ್ಲೇ ಮಾತಿದೆ: ಕತಕದ ಹಣ್ಣು ನೀರನ್ನು ತಿಳಿಮಾಡುತ್ತದೆ ನಿಜ, ಆದರೆ ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು. ಮಕ್ಕಳಿಗೆ ಇದು ಎಷ್ಟು ಹಿಡಿಸಿತೆಂದರೆ ಬಾಯಿಪಾಠ ಮಾಡಿಕೊಂಡರು, ವರದಿಯ ಮೊದಲ ಸಾಲಾಗಿ ಹಾಕುತ್ತೇವೆ ಎಂದು ಹಟ. ಕೆಂಪು ಪ್ರಶ್ನೆಯ ನಿಯಮ ನಿಯಮವೇ, ಅದಕ್ಕೊಂದು ಜಾಡಿ ಇಟ್ಟರೆ ಮಾತ್ರ ಸಾಲು ಬರಬಹುದು ಎಂದೆ. ಗ್ರಂಧಿಗೆ ಅಂಗಡಿಯಿಂದ ಬೀಜ ತಂದು, ಕಲ್ಲಿನ ಮೇಲೆ ನೀರು ಹಾಕಿ ತೇಯ್ದು ನೋಡಿದೆವು. ತೇಯ್ದದ್ದು ಎಷ್ಟು ಮಿಲಿಗ್ರಾಂ ಎಂದು ಅಳೆಯುವುದೇ ಕಷ್ಟ, ಬೀಜವನ್ನು ತೇಯುವ ಮೊದಲು, ಒಣಗಿಸಿ ಆಮೇಲೆ ತೂಗಬೇಕು, ನಮ್ಮ ತಕ್ಕಡಿಗೆ ಅಷ್ಟು ಸೂಕ್ಷ್ಮ ಇಲ್ಲ. ರಾಡಿ ಇಳಿಯಿತು, ಅಂಕಿ ನಂಬುವಂತಿರಲಿಲ್ಲ, ಅನುಬಂಧಕ್ಕೆ ಹೋಯಿತು. ಬೀಜ ಕೊಳ್ಳುವಾಗ ಎಚ್ಚರ: ಇದೇ ಜಾತಿಯ ಕಾಸರಕ ಘೋರ ವಿಷ, ಅದು ದೊಡ್ಡದು, ಚಪ್ಪಟೆ ಗುಂಡಿಯಂತೆ, ಬೂದು ಬಣ್ಣ. ಚಿಲ್ಲ ಸಣ್ಣದು, ದುಂಡಗೆ, ಹಳದಿ ಛಾಯೆ. ಯಾವ ಜಾಡಿಯ ನೀರನ್ನೂ ಯಾರೂ ಕುಡಿಯಕೂಡದು ಎಂಬುದನ್ನು ಗೋಡೆಗೆ ಅಂಟಿಸಿದ್ದೆವು.

ಇನ್ನೊಂದು ಕವಲು ಉಪ್ಪಿನದು. ಪ್ರೋಟೀನನ್ನು ಬರಿ ನೀರಿನ ಬದಲು ಉಪ್ಪುನೀರಿನಲ್ಲಿ ತೆಗೆದರೆ ಏಳನೇ ಒಂದು ಭಾಗಕ್ಕಿಂತಲೂ ಕಡಿಮೆ ಪ್ರಮಾಣ ಸಾಕಾಗುತ್ತದೆ ಎಂದು 1999ರ ಒಕುಡಾ ಮತ್ತು ಸಂಗಡಿಗರ ಲೇಖನ ಹೇಳುತ್ತದೆ. ನಾವು ಅಡುಗೆ ಉಪ್ಪಿನಲ್ಲಿ ಮಾಡಿ ನೋಡಿದೆವು, ಕೆಲಸ ಮಾಡುತ್ತದೆ. ಎಷ್ಟು ಉಪ್ಪು, ಎಷ್ಟು ಹೊತ್ತು, ಆಮೇಲೆ ನೀರಿನ ರುಚಿಗೆ ಏನು ಉಪಾಯ ಎಂಬುದು ನಮ್ಮಲ್ಲೇ ಇರಲಿ. ಮುಂದಿನ ತಂಡ ಅದನ್ನೇ ಹಿಡಿದು ಕೂತಿದೆ.

ದುಡ್ಡಿನ ಲೆಕ್ಕ, ನೆನಪಿನಿಂದ. ಹಿನ್ನೆಲೆಗೆ ಅಂತ ಖರ್ಚಾದದ್ದು ಮುನ್ನೂರರ ಒಳಗೆ: ಜೆರಾಕ್ಸ್ ಪುಟಕ್ಕೆ ಎರಡು ರೂಪಾಯಿಯಂತೆ ನೂರರ ಹತ್ತಿರ, ಪ್ರಿಂಟ್ ಪುಟಕ್ಕೆ ಐದರಂತೆ ಅಷ್ಟೇ, ನೋಟ್ ಪುಸ್ತಕ ಐವತ್ತು. ಪ್ರಯೋಗಕ್ಕೆ ಅಂಗೈ ಅಗಲದ ಡಿಜಿಟಲ್ ತಕ್ಕಡಿ ನಾನ್ನೂರೈವತ್ತು, ಕೊಳವೆ ಇನ್ನೂರೈವತ್ತು, ಚಿಲ್ಲದ ಬೀಜ ನೂರು, ಪಟಕ ಇಪ್ಪತ್ತು, ನುಗ್ಗೆ ಶಾಲೆಯ ಹಿತ್ತಲಿನದು. ಪ್ರಯೋಗಾಲಯದ ಶುಲ್ಕ ಮತ್ತು ಬಸ್ಸು ಸೇರಿ ಇನ್ನೊಂದು ಐದಾರುನೂರು. ತಕ್ಕಡಿ ಇಲ್ಲದವರು ಅಕ್ಕಸಾಲಿಗರ ಅಂಗಡಿಯಲ್ಲಿ ಒಂದೊಂದು ಗ್ರಾಮಿನ ಪೊಟ್ಟಣ ಕಟ್ಟಿಸಿಕೊಳ್ಳಬಹುದು, ಬೆಳಗ್ಗೆ ಗಿರಾಕಿ ಇಲ್ಲದ ಹೊತ್ತಿಗೆ ಹೋಗಿ. ಇದೇ ವಿಷಯಕ್ಕೆ ಮೂರು ಸಾವಿರ ಕೊಟ್ಟು ಪೇಟೆಯಲ್ಲಿ ವರದಿ ಬರೆಸಿದ ತಂಡವೊಂದು ನಮ್ಮ ಪಕ್ಕದ ಮೇಜಿನಲ್ಲೇ ಇತ್ತು. ಬಣ್ಣದ ಮುಖಪುಟ, ಸುರುಳಿ ಬೈಂಡಿಂಗ್, ಹನ್ನೊಂದು ಪುಟದ ಹಿನ್ನೆಲೆ. ಮುಂದೆ ಹೋಗಲಿಲ್ಲ.

ಮಂಡನೆಗೆ ಹಿನ್ನೆಲೆಯನ್ನು ಬಾಯಿಪಾಠ ಮಾಡಿಸಬೇಡಿ. ಚೀಟಿಗಳನ್ನು ಕಲಸಿ ಒಂದನ್ನು ಎಳೆದು, ಪ್ರಶ್ನೆ ಸಂಖ್ಯೆ ಮಾತ್ರ ಹೇಳಿ ‘ಯಾಕೆ?’ ಎಂದು ಕೇಳಿ. ಉತ್ತರ ಬಂದ ಮೇಲೆ ‘ಯಾರು ಹೇಳಿದ್ದು?’ ಎಂದು ಎರಡನೇ ಪ್ರಶ್ನೆ. ಮೂರನೇ ಪ್ರಶ್ನೆಯೊಂದಿದೆ, ತೀರ್ಪುಗಾರರು ಕೇಳಿಯೇ ಕೇಳುವಂಥದ್ದು, ಅದನ್ನು ನಮ್ಮ ಜಿಲ್ಲೆಯ ಸ್ಪರ್ಧೆ ಮುಗಿಯುವವರೆಗೆ ಹೇಳುವುದಿಲ್ಲ. ಚೀಟಿಗಳನ್ನು ರಬ್ಬರ್ ಹಾಕಿ ಲಾಗ್ ಬುಕ್ಕಿನ ಜೊತೆ ಮೇಜಿನ ಮೇಲೇ ಇಡಿ. ತೀರ್ಪುಗಾರರು ಕೈಗೆತ್ತಿಕೊಂಡರೆ ಮಕ್ಕಳು ಮಾತಾಡುವುದು ಬೇಡ, ಅವರು ಓದಿ ಮುಗಿಸಲಿ.